ನೋಡಿದವರೇ ಇಲ್ಲದ ಅಭಿನಯವನ್ನು ನೆನೆಯುವುದು ಹೇಗೆ?

ಪ್ರಶ್ನೆ: ನಾನು ರಂಗಭೂಮಿ ವಿದ್ಯಾರ್ಥಿ. ಇಂಗ್ಲೆಂಡಿನ ನಟಿ ಎಲೆನ್ ಟೆರಿ ಅವರ ಬಗ್ಗೆ ನಮ್ಮ ಗುಂಪು ಒಂದು ಕಾರ್ಯಕ್ರಮ ಮಾಡಬೇಕೆಂದಿದೆ. ದಾಖಲೆಗಳ ಪರಿಚಯ, ಚಿಕ್ಕದೊಂದು ವಸ್ತುಪ್ರದರ್ಶನ, ಸಂಜೆಗೆ ಒಂದು ಪ್ರಯೋಗ. ಆದರೆ ಅವರನ್ನು ರಂಗದ ಮೇಲೆ ನೋಡಿದವರು ಯಾರೂ ಈಗ ಇಲ್ಲ. ಅವರ ದೊಡ್ಡ ಪಾತ್ರಗಳ ಚಿತ್ರೀಕರಣವೂ ಇಲ್ಲ. ಹಾಗಿರುವಾಗ ನಾವು ನೆನೆಯುವುದಾದರೂ ಏನನ್ನು? ಮೂರರಲ್ಲಿ ಯಾವುದಕ್ಕೆ ಜಾಸ್ತಿ ಗಮನ ಕೊಡಬೇಕು?

ಉತ್ತರ: ನೇರವಾಗಿ ಹೇಳಿಬಿಡುತ್ತೇನೆ. ಕಾಗದಪತ್ರಗಳಿಂದ ಶುರು ಮಾಡಿ. ಆದರೆ ಮೂರನ್ನೂ ಬೇರೆ ಬೇರೆ ಕೋಣೆಯಲ್ಲಿ ಕೂರಿಸಬೇಡಿ. ಪತ್ರದಲ್ಲೋ ಆತ್ಮಕಥೆಯಲ್ಲೋ ಸಿಕ್ಕ ಒಂದು ಸಾಲು ಪ್ರದರ್ಶನದ ಗೋಡೆಗೂ ಬರಬೇಕು, ಸಂಜೆ ನಟಿಯ ಬಾಯಲ್ಲೂ ಬರಬೇಕು. ಇನ್ನೊಂದು ಮಾತು. ಟೆರಿಯವರನ್ನು ದೇವತೆ ಮಾಡಿ, ಫೋಟೋಗೆ ಹಾರ ಹಾಕಿ, ಕೈಮುಗಿದು ಬರಬೇಡಿ. ದುಡಿದ ಹೆಣ್ಣುಮಗಳಾಗಿ ತೋರಿಸಿ. ಅಭಿನಯ ಹೋಯಿತು, ಅದು ವಾಪಸ್ ಬರುವುದಿಲ್ಲ. ಅದಕ್ಕಾಗಿ ಪಟ್ಟ ಪಾಡು ಮಾತ್ರ ಇನ್ನೂ ಇದೆ. ಪುಸ್ತಕದ ಅಂಚಿನ ಬರಹದಲ್ಲಿ, ಸವೆದ ಉಡುಪಿನಲ್ಲಿ, ಮಕ್ಕಳಿಗೆ ಬರೆದ ಕಾಗದಗಳಲ್ಲಿ ಅದು ಕಣ್ಣಿಗೆ ಕಾಣುವ ಹಾಗೆ ಉಳಿದಿದೆ.

ಗೊತ್ತಿಲ್ಲದವರಿಗಾಗಿ ಬೇಗ ಹೇಳಿ ಮುಂದೆ ಹೋಗುತ್ತೇನೆ. ಟೆರಿ ಹುಟ್ಟಿದ್ದು 1847ರ ಫೆಬ್ರುವರಿ 27ರಂದು, ಕೊವೆಂಟ್ರಿಯಲ್ಲಿ. ಅಪ್ಪ ಅಮ್ಮ ಇಬ್ಬರೂ ಊರೂರು ತಿರುಗಿ ನಾಟಕ ಆಡುತ್ತಿದ್ದವರು. ಒಂಬತ್ತನೇ ವಯಸ್ಸಿಗೇ ಲಂಡನ್ನಿನಲ್ಲಿ ಬಣ್ಣ ಹಚ್ಚಿದರು. 1878ರಲ್ಲಿ ಆ ಕಾಲದ ಹೆಸರಾಂತ ನಟ ಹೆನ್ರಿ ಇರ್ವಿಂಗ್ ಅವರ ಲೈಸಿಯಂ ಥಿಯೇಟರ್ ಸೇರಿದ ಮೇಲೆ ಇಪ್ಪತ್ತಕ್ಕೂ ಹೆಚ್ಚು ವರ್ಷ ಅಲ್ಲಿನ ಮುಖ್ಯ ನಟಿ. ಶೇಕ್ಸ್‌ಪಿಯರ್ ನಾಟಕಗಳ ಒಫೀಲಿಯಾ, ಪೋರ್ಷಿಯಾ, ಬಿಯಾಟ್ರಿಸ್, ಲೇಡಿ ಮ್ಯಾಕ್‌ಬೆತ್, ಎಲ್ಲವೂ ಆ ಕಾಲದಲ್ಲೇ. 1925ರಲ್ಲಿ ಡೇಮ್ ಗೌರವ, ಅಂದರೆ ಗಂಡಸರಿಗೆ ಕೊಡುವ ‘ಸರ್’ ಪದವಿಗೆ ಸಮನಾದದ್ದು, ಬಂತು. 1928ರ ಜುಲೈ 21ರಂದು ಕೆಂಟ್ ಪ್ರದೇಶದ ಸ್ಮಾಲ್‌ಹೈತ್‌ನಲ್ಲಿದ್ದ ತಮ್ಮ ಮನೆಯಲ್ಲಿ ತೀರಿಕೊಂಡರು. ಇಷ್ಟನ್ನು ಒಂದು ಫಲಕದಲ್ಲಿ ಬರೆದು ಬಾಗಿಲ ಹತ್ತಿರ ಹಾಕಿ, ಸಾಕು. ಇಸವಿಗಳನ್ನೇ ಸಾಲಾಗಿ ಓದಿಸಿದರೆ ಜನ ಎರಡನೇ ಫಲಕಕ್ಕೇ ಸುಸ್ತಾಗುತ್ತಾರೆ.

ಈಗ ಅವರ ಒಂದು ಉಡುಪಿನ ಹತ್ತಿರ ಬನ್ನಿ. ಇದನ್ನು ಸ್ವಲ್ಪ ಹೊತ್ತು ನಿಂತು ನೋಡಬೇಕು.

1888ರ ಡಿಸೆಂಬರ್ 29ರ ರಾತ್ರಿ ಲೈಸಿಯಂನಲ್ಲಿ ಮ್ಯಾಕ್‌ಬೆತ್ ನಾಟಕ ಶುರುವಾಯಿತು. ರಾಜನ ಕೊಲೆಗೆ ಗಂಡನನ್ನು ಹುರಿದುಂಬಿಸುವ ಲೇಡಿ ಮ್ಯಾಕ್‌ಬೆತ್ ಪಾತ್ರಕ್ಕೆ ಟೆರಿ ಹಾಕಿಕೊಂಡು ಬಂದದ್ದು ಹಸಿರು ನಿಲುವಂಗಿ. ಹಸಿರು ನೂಲಿಗೆ ನೀಲಿ ಝರಿ ಎಳೆ ಸೇರಿಸಿ ಕ್ರೋಶಾ ಹಾಕಿದ ಬಟ್ಟೆ ಅದು. ಯೋಧರ ಕವಚದಂತೆಯೂ ಕಾಣಬೇಕು, ಹಾವಿನ ಮೈಯಂತೆಯೂ ಕಾಣಬೇಕು ಅನ್ನುವುದು ಯೋಚನೆ. ಅದರ ಮೈತುಂಬ ಸುಮಾರು 1000 ಜೀರುಂಡೆ ರೆಕ್ಕೆಗಳನ್ನು ಹೊಲಿದಿದ್ದರು. ಮಿರಿಮಿರಿ ಹೊಳೆಯುವ ಹಸಿರು ಜೀರುಂಡೆ ಇರುತ್ತದಲ್ಲ, ಅದರ ಮೇಲಿನ ಗಟ್ಟಿ ರೆಕ್ಕೆ. ಹುಳ ತಾನಾಗಿ ಉದುರಿಸಿದ ರೆಕ್ಕೆಗಳು, ಕೊಂದು ಕಿತ್ತವಲ್ಲ. ರಂಗದ ಮೇಲೆ ಆಗ ಗ್ಯಾಸ್ ದೀಪ ಮತ್ತು ಸುಣ್ಣದ ತುಂಡನ್ನು ಕಾಯಿಸಿ ಪಡೆಯುವ ಲೈಮ್‌ಲೈಟ್. ಇರ್ವಿಂಗ್ ಅವರಿಗೆ ವಿದ್ಯುತ್ ದೀಪಕ್ಕಿಂತ ಆ ಮೆತ್ತನೆಯ ಬೆಳಕೇ ಇಷ್ಟ. ಆ ಬೆಳಕಲ್ಲಿ ಈ ನಟಿ ಒಂದು ಹೆಜ್ಜೆ ಇಟ್ಟರೂ ಸಾಕು, ಮೈಯೆಲ್ಲ ಹಸಿರಿಂದ ನೀಲಿಗೆ, ನೀಲಿಯಿಂದ ಹಸಿರಿಗೆ ತಿರುಗುತ್ತಿತ್ತು. ಅಂದರೆ ಉಡುಪೂ ಅಭಿನಯದ ಒಂದು ಭಾಗ. ನಿಂತಲ್ಲೇ ನಿಂತಿರುವ ಗೊಂಬೆಗೆ ಹಾಕಿದರೆ ಅದರ ಅರ್ಧ ಜೀವ ಹೋಗುತ್ತದೆ.

ಇದನ್ನು ವಿನ್ಯಾಸ ಮಾಡಿದವರು ಆಲಿಸ್ ಕಾಮಿನ್ಸ್ ಕಾರ್. ತಯಾರಿಸಿದವರು ಏಡಾ ನೆಟಲ್‌ಶಿಪ್. ಈ ಎರಡು ಹೆಸರನ್ನು ಟೆರಿಯವರ ಹೆಸರಿನಷ್ಟೇ ದೊಡ್ಡ ಅಕ್ಷರದಲ್ಲಿ ಹಾಕಿ, ಇದು ನನ್ನ ಕೋರಿಕೆ. ಮಹಾನಟಿ ಒಬ್ಬರೇ ಆಗಿ ಹುಟ್ಟುವುದಿಲ್ಲ. ಅವರ ಹಿಂದೆ ಸೂಜಿ ಹಿಡಿದವರು, ಮಾತು ಮರೆತಾಗ ಎತ್ತಿಕೊಟ್ಟವರು, ದೀಪ ನೋಡಿಕೊಂಡವರು ಇದ್ದೇ ಇರುತ್ತಾರೆ.

ಆ ಉಡುಪು ಸುಮ್ನೆ ಉಳಿಯಲಿಲ್ಲ. ಮತ್ತೆ ಮತ್ತೆ ಹಾಕಿ, ಊರೂರು ಸಾಗಿಸಿ, ಅಲ್ಲಲ್ಲಿ ಬದಲಾಯಿಸಿ, ಕಡೆಗೆ ತನ್ನದೇ ಭಾರಕ್ಕೆ ಜಗ್ಗಿಹೋಗಿತ್ತು. ಬಟ್ಟೆ ಸಂರಕ್ಷಣೆ ಮಾಡುವ ತಜ್ಞರು ಅದರ ಮೇಲೆ ಸಾವಿರಕ್ಕೂ ಜಾಸ್ತಿ ಗಂಟೆ ಕೆಲಸ ಮಾಡಿದರು. 2011ರಲ್ಲಿ ಅದು ಸ್ಮಾಲ್‌ಹೈತ್ ಮನೆಗೆ ವಾಪಸ್ ಬಂತು. ಮುರಿದ ರೆಕ್ಕೆಗಳನ್ನು ಕಿತ್ತು ಬಿಸಾಡಲಿಲ್ಲ. ಒಂದೊಂದರ ಹಿಂದೆಯೂ ತೆಳ್ಳನೆಯ ಜಪಾನಿ ಕಾಗದದ ಚೂರು ಇಟ್ಟು, ಗೋಧಿ ಗಂಜಿಯ ಅಂಟಿನಿಂದ ಕೂಡಿಸಿದರು. ನನಗೆ ಇಡೀ ಕಥೆಯಲ್ಲಿ ತುಂಬಾ ಇಷ್ಟವಾಗುವುದು ಇದೇ. ನೂರಿಪ್ಪತ್ತು ವರ್ಷ ಹಳೆಯ ಹುಳದ ರೆಕ್ಕೆಯೊಂದನ್ನು ಬೆರಳತುದಿಯಲ್ಲಿ ಹಿಡಿದು ಅಂಟಿಸುವುದು! ನಟಿಯೊಬ್ಬರಿಗೆ ಇದಕ್ಕಿಂತ ದೊಡ್ಡ ಗೌರವ ಬೇರೆ ಇದೆಯಾ?

ಇಲ್ಲೇ ಒಂದು ಎಚ್ಚರಿಕೆಯನ್ನೂ ಹೇಳಬೇಕು. ಟೆರಿ ಅಂದ ಕೂಡಲೇ ಎಲ್ಲರೂ ತೋರಿಸುವುದು ಜಾನ್ ಸಿಂಗರ್ ಸಾರ್ಜೆಂಟ್ 1889ರಲ್ಲಿ ಬರೆದ ಚಿತ್ರವನ್ನು. ಇದೇ ಹಸಿರು ಉಡುಪು, ಕೆಂಪು ಜಡೆಗಳು, ಎರಡೂ ಕೈಯಲ್ಲಿ ಕಿರೀಟ ಎತ್ತಿ ತಲೆಗೆ ಇಟ್ಟುಕೊಳ್ಳುವ ಭಂಗಿ. ಅದ್ಭುತ ಚಿತ್ರ, ಅದರಲ್ಲಿ ಎರಡು ಮಾತಿಲ್ಲ. ಆದರೆ ಆ ಗಳಿಗೆ ನಾಟಕದಲ್ಲಿ ಇಲ್ಲವೇ ಇಲ್ಲ, ಸಾರ್ಜೆಂಟ್ ತಾವೇ ಕಲ್ಪಿಸಿಕೊಂಡದ್ದು. ಟೆರಿ ಆ ಪಾತ್ರವನ್ನು ಕಂಡ ರೀತಿಯೇ ಬೇರೆ. ಲೇಡಿ ಮ್ಯಾಕ್‌ಬೆತ್ ರಾಕ್ಷಸಿ ಅಲ್ಲ, ಗಂಡನನ್ನು ಜೀವಕ್ಕಿಂತ ಹೆಚ್ಚಾಗಿ ಪ್ರೀತಿಸುವ ಹೆಂಡತಿ ಅನ್ನುವುದು ಅವರ ನಿಲುವು. ಅದನ್ನು ಒಪ್ಪದ ಪ್ರೇಕ್ಷಕರು ಆಗಲೂ ಬೇಕಾದಷ್ಟು ಜನ ಇದ್ದರು. ಈಗ ನೀವು ಬರೀ ಚಿತ್ರವನ್ನು ತೂಗುಹಾಕಿದರೆ ಏನಾಗುತ್ತದೆ? ನೋಡಿದವರು ಅಧಿಕಾರದ ಹಸಿವಿನ ಹೆಂಗಸೊಬ್ಬಳನ್ನು ಕಂಡು ಹೋಗುತ್ತಾರೆ, ಟೆರಿ ಮಾಡಿದ್ದಕ್ಕೆ ಪೂರ್ತಿ ಉಲ್ಟಾ. ಅದಕ್ಕೇ ಚಿತ್ರದ ಪಕ್ಕದಲ್ಲೇ ಪಾತ್ರದ ಬಗ್ಗೆ ಅವರ ಮಾತುಗಳನ್ನು ಇಡಿ. 2024ರಲ್ಲಿ ಲಂಡನ್ನಿನ ಟೇಟ್ ಬ್ರಿಟನ್ ಗ್ಯಾಲರಿ ಸಾರ್ಜೆಂಟ್ ಚಿತ್ರಗಳ ಪ್ರದರ್ಶನದಲ್ಲಿ ಆ ಚಿತ್ರದ ಜೊತೆಗೆ ಅಸಲಿ ಉಡುಪನ್ನೂ ಇಟ್ಟಿತ್ತು. ಚಿತ್ರಕಾರನ ಕಣ್ಣಿಗೆ ಕಂಡದ್ದು ಒಂದು, ನಟಿಯ ಮೈಮೇಲೆ ಇದ್ದದ್ದು ಒಂದು. ಎರಡನ್ನೂ ಒಟ್ಟಿಗೆ ಇಟ್ಟಾಗಲೇ ನೋಡುವವರು ಯೋಚನೆ ಮಾಡಲು ಶುರು ಮಾಡುತ್ತಾರೆ.

ನಿಮ್ಮ ಪ್ರಶ್ನೆಯ ಇನ್ನೊಂದು ಭಾಗ, ಹೇಗೆ ನೆನೆಯಬೇಕು ಅನ್ನುವುದು. ಅದಕ್ಕೆ ಉತ್ತರ ಟೆರಿಯವರ ಮಗಳು ಈಡಿತ್ ಕ್ರೇಗ್ ಅವರ ಬದುಕಿನಲ್ಲಿದೆ.

ಈಡಿತ್ ಸ್ವತಃ ನಾಟಕ ನಿರ್ದೇಶಕಿ. ಮಹಿಳೆಯರ ಮತದಾನದ ಹಕ್ಕಿಗೆ ದುಡಿದವರು, 1911ರಲ್ಲಿ ಪಯೊನಿಯರ್ ಪ್ಲೇಯರ್ಸ್ ಎಂಬ ನಾಟಕ ತಂಡ ಕಟ್ಟಿದವರು. ಅಮ್ಮ ತೀರಿಕೊಂಡ ಮರುವರ್ಷವೇ, 1929ರಲ್ಲಿ, ಸ್ಮಾಲ್‌ಹೈತ್ ಮನೆಯನ್ನು ಸ್ಮಾರಕ ಮಾಡಿ ಜನರಿಗೆ ತೆರೆದರು. ಪಕ್ಕದಲ್ಲಿ ಧಾನ್ಯ ಇಡುವ ಹಳೆಯ ಕೊಟ್ಟಿಗೆ ಇತ್ತು. ಅದನ್ನೇ ಪುಟ್ಟ ರಂಗಮಂದಿರ ಮಾಡಿದರು. ಪ್ರತಿ ವರ್ಷ ಅಮ್ಮನ ನೆನಪಿನ ದಿನಕ್ಕೆ ಲಂಡನ್ನಿನ ನಟ ನಟಿಯರು ಬಂದು ಅಲ್ಲಿ ಶೇಕ್ಸ್‌ಪಿಯರ್ ಆಡಿದರು. 1939ರಲ್ಲಿ ಮನೆಯನ್ನು, ಹಳೆಯ ಕಟ್ಟಡಗಳನ್ನು ಕಾಪಾಡುವ ಸಂಸ್ಥೆಯಾದ ನ್ಯಾಷನಲ್ ಟ್ರಸ್ಟ್‌ಗೆ ಒಪ್ಪಿಸಿದರು. ಅಲ್ಲಿಂದ ಇಲ್ಲಿಯವರೆಗೂ ಅದು ಹಾಗೇ ನಡೆದುಬಂದಿದೆ. ನೀವು ಕೇಳಿದ ಮೂರೂ ಅಲ್ಲಿವೆ ನೋಡಿ: ಕಾಗದಪತ್ರ, ವಸ್ತುಗಳು, ಪ್ರಯೋಗ. ಒಂದೇ ಅಂಗಳದಲ್ಲಿ, ಕೆಲವೇ ಹೆಜ್ಜೆ ದೂರದಲ್ಲಿ. ಬೆಳಗ್ಗೆ ಮನೆಯೊಳಗೆ ಪೋರ್ಷಿಯಾ ನಿಲುವಂಗಿ ನೋಡಿದವರು ಸಂಜೆ ಕೊಟ್ಟಿಗೆಯಲ್ಲಿ ಪೋರ್ಷಿಯಾ ಮಾತು ಕೇಳಬಹುದಿತ್ತು. ಈಡಿತ್ ಇದಕ್ಕೆ ಯಾವ ದೊಡ್ಡ ಹೆಸರನ್ನೂ ಕೊಡಲಿಲ್ಲ, ಮಾಡಿ ತೋರಿಸಿದರು ಅಷ್ಟೇ.

ಒಬ್ಬ ನಟಿ ಮುಂದಿನ ತಲೆಮಾರಿಗೆ ಸಿಗುವುದು ಹೀಗೆ. ಪ್ರತಿಭೆ ಒಂದಿದ್ದರೆ ಸಾಲದು. ಆ ಹಳೆಯ ಚಪ್ಪಲಿ, ಮಾಸಿದ ಪತ್ರ, ತೂತು ಬಿದ್ದ ಶಾಲು ಇವುಗಳನ್ನು "ಬಿಸಾಡೋದು ಬೇಡ" ಅಂತ ಒಬ್ಬರು ಹಟ ಹಿಡಿಯಬೇಕು. ಎಷ್ಟೋ ದೊಡ್ಡ ನಟಿಯರಿಗೆ ಅಂಥ ಮಗಳು ಸಿಗಲಿಲ್ಲ, ಅವರ ಪೆಟ್ಟಿಗೆಗಳು ರದ್ದಿಗೆ ಹೋದವು. ಇದನ್ನು ನೆನೆದಾಗಲೆಲ್ಲ ನನಗೆ ಸಂಕಟ ಆಗುತ್ತದೆ.

ಕಾಗದಪತ್ರಗಳ ಮಾತಿಗೆ ಬರೋಣ. ಟೆರಿ ಮತ್ತು ಈಡಿತ್ ಇಬ್ಬರಿಗೂ ಸೇರಿದ ಸಂಗ್ರಹದಲ್ಲಿ 20,000ಕ್ಕೂ ಜಾಸ್ತಿ ದಾಖಲೆಗಳಿವೆ. ಪ್ರೊಫೆಸರ್ ಕ್ಯಾಥರೀನ್ ಕಾಕಿನ್ ಅವರ ನೇತೃತ್ವದಲ್ಲಿ ಅದಕ್ಕೆ ಪಟ್ಟಿ ತಯಾರಾಯಿತು. ಟೆರಿ ಬರೆದ ಪತ್ರಗಳೂ ಒಂದರ ಹಿಂದೊಂದು ಸಂಪುಟವಾಗಿ ಅಚ್ಚಾದವು. ಪಟ್ಟಿ ಮಾಡುವುದು ನೋಡಲು ಸಪ್ಪೆ ಕೆಲಸ. ಆದರೆ ಪಟ್ಟಿ ಇಲ್ಲದ ಸಂಗ್ರಹ ಬೀಗ ಹಾಕಿದ ಬೀರು ಇದ್ದಂತೆ, ಒಳಗೇನಿದೆ ಅಂತ ಮನೆಯವರಿಗೂ ಗೊತ್ತಿರುವುದಿಲ್ಲ. ನೀವು ಹತ್ತೇ ಫೋಟೋ ಸೇರಿಸಿದರೂ ಸರಿ, ಯಾವ ನಾಟಕ, ಯಾವ ವರ್ಷ, ತೆಗೆದವರು ಯಾರು, ನಿಮಗೆ ಎಲ್ಲಿಂದ ಸಿಕ್ಕಿತು ಎಂಬುದನ್ನು ಅವತ್ತೇ ಬರೆದಿಡಿ. ನಾಳೆ ಬರೆಯೋಣ ಅಂದುಕೊಂಡರೆ ಮುಗಿಯಿತು.

ಪತ್ರಗಳನ್ನು ಬಳಸುವಾಗ ಮಾತ್ರ ಸ್ವಲ್ಪ ನಿಧಾನ ಇರಲಿ. ಟೆರಿ ಮತ್ತು ನಾಟಕಕಾರ ಜಾರ್ಜ್ ಬರ್ನಾರ್ಡ್ ಶಾ ವರ್ಷಗಟ್ಟಲೆ ಕಾಗದ ಬರೆದುಕೊಂಡರು, ಅದೂ ಮುಖತಃ ಭೇಟಿಯಾಗುವುದಕ್ಕೆ ಎಷ್ಟೋ ಮೊದಲಿನಿಂದ. 1931ರಲ್ಲಿ ಅವು ಪುಸ್ತಕವಾಗಿ ಬಂದವು. ಮಗಳು ಈಡಿತ್ ಅದರ ಪರವಾಗಿದ್ದರು. ಮಗ ಎಡ್ವರ್ಡ್ ಗಾರ್ಡನ್ ಕ್ರೇಗ್, ಅವರೂ ರಂಗವಿನ್ಯಾಸದಲ್ಲಿ ದೊಡ್ಡ ಹೆಸರು, ಕೆಂಡವಾದರು. ಅದೇ ವರ್ಷ ತಾವೇ ಒಂದು ಪುಸ್ತಕ ಬರೆದರು. ಮನೆಯ ಅಮ್ಮ ಬೇರೆ, ಜಗತ್ತು ಕಂಡ ಎಲೆನ್ ಟೆರಿ ಬೇರೆ, ಅಮ್ಮ ನಮಗೆ ಸೇರಿದವಳು ಅನ್ನುವುದು ಅವರ ಸಂಕಟ. ಇಬ್ಬರ ಮಾತಿನಲ್ಲೂ ನ್ಯಾಯ ಇದೆ. ನನ್ನನ್ನು ಕೇಳಿದರೆ, ಕೆಲಸದ ಮೇಲೆ ಬೆಳಕು ಬೀಳಿಸುವ ಪತ್ರವನ್ನು ಧೈರ್ಯವಾಗಿ ಬಳಸಿ, ಬರೀ ಕುತೂಹಲಕ್ಕಾಗಿ ಯಾರ ಮಲಗುವ ಕೋಣೆಯ ಬಾಗಿಲನ್ನೂ ತೆಗೆಯಬೇಡಿ.

ಹಾಗಂತ ಅವರ ಬದುಕನ್ನು ಬಿಳಿ ಸುಣ್ಣ ಬಳಿದು ತೋರಿಸಬೇಕಿಲ್ಲ. ಹದಿನಾರನೇ ವಯಸ್ಸಲ್ಲಿ, 1864ರಲ್ಲಿ, ತಮಗಿಂತ ಮೂವತ್ತು ವರ್ಷ ದೊಡ್ಡವರಾದ ಚಿತ್ರಕಾರ ವಾಟ್ಸ್ ಅವರ ಜೊತೆ ಮದುವೆಯಾಯಿತು. ವರ್ಷ ತುಂಬುವ ಮೊದಲೇ ಮುರಿಯಿತು. ಆಮೇಲೆ ವಾಸ್ತುಶಿಲ್ಪಿ ಗಾಡ್ವಿನ್ ಜೊತೆ ಮದುವೆ ಇಲ್ಲದೆ ಸಂಸಾರ, ಇಬ್ಬರು ಮಕ್ಕಳು. ಸುಮಾರು ಆರು ವರ್ಷ ರಂಗದಿಂದ ದೂರ. ವಾಪಸ್ ಬಂದದ್ದು ಯಾಕೆ ಗೊತ್ತಾ? ಕಲೆ ಕರೆಯಿತು ಅಂತಲ್ಲ, ಮನೆಯಲ್ಲಿ ದುಡ್ಡಿರಲಿಲ್ಲ. ಅವರ ಆತ್ಮಕಥೆಯಲ್ಲಿ ಆ ಘಟನೆ ಇದೆ. ಹಳ್ಳಿ ದಾರಿಯಲ್ಲಿ ಗಾಡಿಯ ಚಕ್ರ ಕಳಚಿ ನಿಂತಿದ್ದಾರೆ, ಬೇಟೆಗೆ ಬಂದವರಲ್ಲಿ ಒಬ್ಬರು ಬೇಲಿ ಹಾರಿ ಬರುತ್ತಾರೆ. ನೋಡಿದರೆ ಹಳೇ ಪರಿಚಯದ ನಾಟಕಕಾರ ಚಾರ್ಲ್ಸ್ ರೀಡ್. ರಂಗಕ್ಕೆ ವಾಪಸ್ ಬನ್ನಿ ಅನ್ನುತ್ತಾರೆ. ವಾರಕ್ಕೆ 40 ಪೌಂಡ್ ಕೊಟ್ಟರೆ ಬರುತ್ತೇನೆ ಅನ್ನುತ್ತಾರೆ ಟೆರಿ. ರೀಡ್ ಒಪ್ಪಿಕೊಳ್ಳುತ್ತಾರೆ. 1874ರಲ್ಲಿ ಟೆರಿ ಮತ್ತೆ ಲಂಡನ್ನಿನ ರಂಗದ ಮೇಲೆ. ಎರಡು ಮಕ್ಕಳ ತಾಯಿ ದಾರಿ ಮಧ್ಯೆ ನಿಂತು ತನ್ನ ಸಂಬಳ ತಾನೇ ಹೇಳಿದ ಆ ಗಳಿಗೆಯನ್ನು ದಯವಿಟ್ಟು ನಿಮ್ಮ ಪ್ರಯೋಗದಲ್ಲಿ ಬಿಡಬೇಡಿ.

ಆತ್ಮಕಥೆ ಅಂದೆ. ಅದು ಬಂದದ್ದು 1908ರಲ್ಲಿ, ತುಂಬಾ ಚೆನ್ನಾಗಿದೆ, ಆದರೆ ಕಣ್ಣುಮುಚ್ಚಿ ನಂಬಬೇಡಿ. ಹುಟ್ಟಿದ ವರ್ಷವನ್ನೇ ಅವರು 1848 ಎಂದು ಹೇಳಿಕೊಂಡಿದ್ದರು. ಜನನ ದಾಖಲೆಯಲ್ಲಿ ಇರುವುದು 1847. ಕೊವೆಂಟ್ರಿಯಲ್ಲಂತೂ ಒಂದೇ ಬೀದಿಯ ಎರಡು ಮನೆಗಳು, ಅವರು ಹುಟ್ಟಿದ್ದು ಇಲ್ಲೇ ಅಂತ ಪೈಪೋಟಿಗೆ ಬಿದ್ದಿದ್ದವು. ನೆನಪನ್ನು ದಾಖಲೆಯ ಪಕ್ಕ ಇಟ್ಟು ನೋಡುವುದು ಅನುಮಾನಬುದ್ಧಿ ಅಲ್ಲ, ಪ್ರೀತಿಯ ಇನ್ನೊಂದು ರೂಪ.

ಧ್ವನಿ ಉಳಿದಿದೆಯಾ ಅಂತ ನೀವು ಕೇಳಲಿಲ್ಲ, ಆದರೂ ಹೇಳುತ್ತೇನೆ. ಉಳಿದಿದೆ. 1911ರಲ್ಲಿ ನ್ಯೂಯಾರ್ಕಿನಲ್ಲಿ ವಿಕ್ಟರ್ ಕಂಪನಿಗೆ ಅವರು ಶೇಕ್ಸ್‌ಪಿಯರ್ ನಾಟಕಗಳ ಕೆಲವು ಭಾಗ ಓದಿದರು. ಅದರಲ್ಲಿ ಪೋರ್ಷಿಯಾಳ ಕರುಣೆಯ ಮಾತು ಇದೆ, ಒಫೀಲಿಯಾಳ ಹುಚ್ಚಿನ ದೃಶ್ಯವೂ ಇದೆ. ಕೇಳಿಸುವ ಮೊದಲು ಪ್ರೇಕ್ಷಕರಿಗೆ ಎರಡು ವಿಷಯ ಹೇಳಿ. ಆಗ ಅವರಿಗೆ 64 ವರ್ಷ, ಒಫೀಲಿಯಾ ಆಡಿ ಸಭೆಯನ್ನು ಗೆದ್ದಾಗ 31. ಮತ್ತೆ ಆ ಕಾಲದಲ್ಲಿ ಮೈಕ್ ಇರಲಿಲ್ಲ, ದೊಡ್ಡ ತುತ್ತೂರಿಯಂಥ ಕೊಳವೆಗೆ ಮುಖವೊಡ್ಡಿ ಮಾತಾಡಬೇಕಿತ್ತು. ಇದು ಗೊತ್ತಿಲ್ಲದೆ ಕೇಳಿದರೆ "ಇಷ್ಟೇನಾ?" ಅನ್ನಿಸಬಹುದು. ಗೊತ್ತಿದ್ದು ಕೇಳಿದರೆ ಗರಗರ ಸದ್ದಿನ ಹಿಂದೆ ಒಂದು ಲಯ ಸಿಗುತ್ತದೆ. ಕತ್ತಲೆ ಮಾಡಿ, ಒಂದೂವರೆ ನಿಮಿಷ ಸಾಕು.

ಇನ್ನು ಪ್ರಯೋಗ. ಇಲ್ಲಿ ಎಲ್ಲರೂ ಎಡವುವುದು ಒಂದೇ ಕಡೆ. ಟೆರಿಯಂತೆಯೇ ವೇಷ ಹಾಕಿ, ಟೆರಿಯಂತೆಯೇ ಮಾತಾಡಲು ಹೋಗುತ್ತಾರೆ. ಯಾರಂತೆ ಅಂತ ಯಾರಿಗೂ ಗೊತ್ತಿಲ್ಲದ ಮೇಲೆ ಅನುಕರಣೆ ಎಲ್ಲಿಂದ ಬರಬೇಕು? ದಾರಿ ಅವರೇ ತೋರಿಸಿಕೊಟ್ಟಿದ್ದಾರೆ. ವಯಸ್ಸಾದ ಮೇಲೆ, 1910ರಿಂದಾಚೆಗೆ, ಶೇಕ್ಸ್‌ಪಿಯರ್‌ನ ಹೆಣ್ಣುಪಾತ್ರಗಳ ಬಗ್ಗೆ ಉಪನ್ಯಾಸ ಕೊಡುತ್ತಾ ಅಮೆರಿಕ, ಆಸ್ಟ್ರೇಲಿಯಾ ತಿರುಗಿದರು. ಉಪನ್ಯಾಸ ಅಂದರೆ ಮೇಜಿನ ಹಿಂದೆ ನಿಂತು ಓದುವುದಲ್ಲ. ಪಾತ್ರದ ಬಗ್ಗೆ ಮಾತಾಡುತ್ತಾ ಮಾತಾಡುತ್ತಾ ಪಾತ್ರವೇ ಆಗಿಬಿಡುವುದು, ಮತ್ತೆ ಹೊರಗೆ ಬಂದು ಯಾಕೆ ಹಾಗೆ ಮಾಡಿದೆ ಅಂತ ಹೇಳುವುದು. ಅದೇ ಮಾತುಗಳನ್ನು ಇಟ್ಟುಕೊಂಡು 2014ರಲ್ಲಿ ನಟಿ ಐಲೀನ್ ಆಟ್ಕಿನ್ಸ್ ಲಂಡನ್ನಿನ ಸ್ಯಾಮ್ ವಾನಮೇಕರ್ ಪ್ಲೇಹೌಸ್‌ನಲ್ಲಿ ಏಕವ್ಯಕ್ತಿ ಪ್ರಯೋಗ ಮಾಡಿದರು. ಆಗ ಅವರಿಗೆ 79 ವರ್ಷ. ಆ ವಯಸ್ಸಲ್ಲಿ ಜೂಲಿಯೆಟ್ ಬಗ್ಗೆ ಮಾತು! ನೀವು ಹಿಡಿಯಬೇಕಾದ ಎಳೆ ಇದು: ನಟಿಯೊಬ್ಬಳು ಇನ್ನೊಬ್ಬ ನಟಿಯ ಕಸುಬಿನ ಬಗ್ಗೆ ತನ್ನ ಸ್ವಂತ ಧ್ವನಿಯಲ್ಲಿ ಮಾತಾಡುವುದು.

ನಿಮಗೆ ಬೇಕಾದ ದೃಶ್ಯವನ್ನೂ ಕೊಡುತ್ತೇನೆ. 1878ರಲ್ಲಿ ಹ್ಯಾಮ್ಲೆಟ್ ನಾಟಕದ ಒಫೀಲಿಯಾ ಪಾತ್ರಕ್ಕೆ ತಯಾರಾಗುವಾಗ ಟೆರಿ ಹುಚ್ಚಾಸ್ಪತ್ರೆಗೆ ಹೋದರು. ಅಲ್ಲಿ ನೋಡಿದ್ದೆಲ್ಲ ಅತಿಯಾದ ನಾಟಕದಂತೆ ಕಂಡು ಬೇಸರವಾಯಿತು. ಹೊರಡುವ ಹೊತ್ತಿಗೆ ಒಬ್ಬ ಹುಡುಗಿ ಗೋಡೆಯನ್ನೇ ನೋಡುತ್ತಾ ನಿಂತಿದ್ದಳು. ಟೆರಿ ಅವಳಿಗೂ ಗೋಡೆಗೂ ನಡುವೆ ಹೋಗಿ ಮುಖ ನೋಡಿದರು. ಮುಖದಲ್ಲಿ ಏನೂ ಇಲ್ಲ, ಮೈಯೆಲ್ಲ ಮಾತ್ರ ಯಾರಿಗೋ ಕಾಯುತ್ತಿದೆ. ಇದ್ದಕ್ಕಿದ್ದಂತೆ ಅವಳು ಕೈ ಮೇಲೆತ್ತಿ ಹಕ್ಕಿಯ ಹಾಗೆ ಕೋಣೆಯ ಆಚೆ ತುದಿಗೆ ಓಡಿಬಿಟ್ಟಳು. ಟೆರಿಗೆ ಬೇಕಾದ್ದು ಸಿಕ್ಕಿತ್ತು. ಒಫೀಲಿಯಾಳ ಹುಚ್ಚಿನ ದೃಶ್ಯಕ್ಕೆ ಕಪ್ಪು ಉಡುಪು ಹಾಕಬೇಕು ಅಂತಲೂ ತೀರ್ಮಾನಿಸಿದ್ದರು. ಅದನ್ನು ಕೇಳಿ ತಂಡದ ಹಿರಿಯ ಸಲಹೆಗಾರ ವಾಲ್ಟರ್ ಲೇಸಿ ಗಾಬರಿಯಾದರು. ಈ ನಾಟಕದಲ್ಲಿ ಕಪ್ಪು ತೊಡುವವನು ಒಬ್ಬನೇ, ಅವನು ಹ್ಯಾಮ್ಲೆಟ್ ಅಂದರು. ಟೆರಿ ಬಿಳಿ ಉಟ್ಟರು.

ಇದನ್ನು ತಾಲೀಮಿನಲ್ಲಿ ಹಾಗೇ ಮಾಡಿ ನೋಡಿ. ಒಬ್ಬಳು ಗೋಡೆ ನೋಡುತ್ತಾ ನಿಲ್ಲಲಿ, ಇನ್ನೊಬ್ಬಳು ಅವಳ ಮುಖ ಹುಡುಕಲಿ. ಪಕ್ಕದಲ್ಲಿ ಎರಡು ಉಡುಪು ತೂಗುಹಾಕಿ, ಒಂದು ಕಪ್ಪು, ಒಂದು ಬಿಳಿ.

ಒಂದಿಷ್ಟು ಕೆಲಸದ ಮಾತು. ಎಲ್ಲಾದರೂ ಹಳೆಯ ಅಸಲಿ ಬಟ್ಟೆ ಸಿಕ್ಕರೆ ಯಾರ ಮೈಗೂ ಹಾಕಿಸಬೇಡಿ, ಆಸೆಗೂ ಬೇಡ. ಬೆವರು, ಎಳೆತ, ಬೆಳಕು, ಮೂರೂ ಬಟ್ಟೆಯ ಶತ್ರುಗಳು. ಮ್ಯೂಸಿಯಂಗಳಲ್ಲಿ ಇಂಥ ಬಟ್ಟೆಗಳ ಮೇಲೆ ಬೆಳಕನ್ನು ಸುಮಾರು 50 ಲಕ್ಸ್‌ಗೆ ಇಳಿಸಿರುತ್ತಾರೆ, ಮಬ್ಬು ಕೋಣೆಯ ಬೆಳಕು ಅಂದುಕೊಳ್ಳಿ. ಪ್ರಯೋಗಕ್ಕೆ ನಕಲು ಹೊಲಿಸಿ. ಹಳೆಯ ಫೋಟೋಗಳನ್ನು ಪೂರ್ತಿ ತೋರಿಸಿ, ಚಂದಕ್ಕಾಗಿ ಅಂಚು ಕತ್ತರಿಸಬೇಡಿ. ಎಷ್ಟೋ ಸಲ ವಿಷಯ ಇರುವುದೇ ಅಂಚಿನಲ್ಲಿ.

ಅಂಥ ಒಂದು ಫೋಟೋದಿಂದಲೇ ನಿಮ್ಮ ಕಾರ್ಯಕ್ರಮ ಶುರುವಾಗಲಿ ಅಂತ ನನ್ನ ಆಸೆ. 1856ರದು. ನಟ ಚಾರ್ಲ್ಸ್ ಕೀನ್ ಅವರ ಪಕ್ಕ, ಶೇಕ್ಸ್‌ಪಿಯರ್‌ನ ‘ದಿ ವಿಂಟರ್ಸ್ ಟೇಲ್’ ನಾಟಕದ ರಾಜಕುಮಾರನ ವೇಷದ ಪುಟ್ಟ ಹುಡುಗಿ, ಜೊತೆಗೆ ಒಂದು ಆಟದ ಗಾಡಿ. ಆ ಹುಡುಗಿ ಎಲೆನ್. ಏಪ್ರಿಲ್ 28, ಮೊದಲ ರಾತ್ರಿ, ರಾಣಿ ವಿಕ್ಟೋರಿಯಾ ಸಭೆಯಲ್ಲಿದ್ದಾರೆ. ಗಾಡಿ ಎಳೆಯುತ್ತಾ ಓಡು ಅಂದಿದ್ದರು. ಓಡಿದಳು, ಹಿಡಿಗೆ ಕಾಲು ತಾಗಿ ಅಂಗಾತ ಬಿದ್ದಳು. ಜನ ನಕ್ಕರು. ತನ್ನ ರಂಗಬದುಕು ಇವತ್ತಿಗೇ ಮುಗಿಯಿತು ಅಂದುಕೊಂಡಳು. ಆ ಪಾತ್ರವನ್ನು ಮುಂದೆ ಒಂದು ರಾತ್ರಿಯೂ ತಪ್ಪಿಸದೆ ಆಡಿದಳು, ಒಟ್ಟು 102 ಪ್ರಯೋಗ.

ಫೋಟೋವನ್ನು ದೊಡ್ಡದು ಮಾಡಿ ಬಾಗಿಲ ಎದುರಿಗೆ ಹಾಕಿ. ಅದರ ಕೆಳಗೆ ಮರದ ಪುಟ್ಟ ಗಾಡಿಯೊಂದನ್ನು ಇಡಿ. ಸಂಜೆ ದೀಪ ಆರಿದ ಮೇಲೆ, ಯಾವ ಸ್ವಾಗತ ಭಾಷಣವೂ ಬೇಡ, ಒಂದು ಮಗು ಬಂದು ಆ ಗಾಡಿಯನ್ನು ಎಳೆದುಕೊಂಡು ರಂಗದ ಮೇಲೆ ಓಡಲಿ.